ಪೂರಿಗಾಲಿಗೆ ಬಂದ ಸಮುರಾಯಿ

ಮರಿಯಯ್ಯನವರಿಗೆ ಜಪಾನಿನ ವಿಷಯ ಏನೂ ಗೊತ್ತಿರಲಿಲ್ಲ. ಇದರಲ್ಲಿ ತಪ್ಪೇನಿಲ್ಲ. ಮಂಡ್ಯದ ಕಾಲೇಜೊಂದರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ ಟಿ.ಸಿ., ಮಾರ್ಕ್ಸ್ ಕಾರ್ಡು ಬರೆದುಕೊಂಡು ಬಂದವರಿಗೆ ಜಪಾನು ಗೊತ್ತಿರಲೇಬೇಕೆಂದು ಸರ್ಕಾರದ ಯಾವ ಸುತ್ತೋಲೆಯೂ ಹೇಳುವುದಿಲ್ಲ. ತೊಂದರೆ ಇದ್ದದ್ದು ಇನ್ನೊಂದು ಕಡೆ. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ದಾರಿ ಕೇಳಿದವರಿಗೆ ಅವರು ಗೊತ್ತಿಲ್ಲದ ಊರಿಗೂ ದಾರಿ ಹೇಳಿ ಕಳಿಸುತ್ತಿದ್ದರು.

ಅವರ ಮಗಳು ಶೋಭಿತಾ ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮಳವಳ್ಳಿಯ ರವಿಚಂದ್ರ ಬಿಡದಿಯ ಹತ್ತಿರ, ಕಾರಿನ ಬಿಡಿಭಾಗ ಮಾಡುವ ಜಪಾನಿ ಕಂಪನಿಯೊಂದರಲ್ಲಿ ಎಂಜಿನಿಯರು. ಹುಡುಗ ಹುಡುಗಿ ಎರಡು ಸಲ ಭೇಟಿಯಾಗಿ, ಮೂರನೆಯದಕ್ಕೆ ಕಾಯದೆ ಒಪ್ಪಿಕೊಂಡಿದ್ದರು. ಬಾಕಿ ಉಳಿದದ್ದು ಹುಡುಗನ ತಾಯಿ ಪಟ್ಟಲಮ್ಮನ ಒಪ್ಪಿಗೆ. ಗಂಡ ತೀರಿಕೊಂಡ ಮೇಲೆ ಅಂಗನವಾಡಿ ನಡೆಸಿಕೊಂಡು ಮಗನನ್ನು ಓದಿಸಿದ ಹೆಂಗಸು ಆಕೆ. ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೆ ಹೇಳುವುದರಲ್ಲಿ ಮಳವಳ್ಳಿ ತಾಲ್ಲೂಕಿಗೇ ಹೆಸರು. ಆಗಲೇ ಎರಡು ಸಂಬಂಧ ಬೇಡ ಅಂದಿದ್ದಳು. ಒಂದು ಮನೆಯಲ್ಲಿ ಹೆಣ್ಣಿನ ಅಪ್ಪ ಊಟ ಮುಗಿಯುವ ತನಕ ತನ್ನ ಬಗ್ಗೆಯೇ ಮಾತಾಡಿದನಂತೆ. ಇನ್ನೊಂದು ಮನೆಯವರು ಕಾರಿನ ಡ್ರೈವರಿಗೆ ಬಾಗಿಲಾಚೆ ಕಾಫಿ ಕೊಟ್ಟರಂತೆ.

ಇದನ್ನೆಲ್ಲ ತಿಳಿದಿದ್ದ ಶೋಭಿತಾ ತಂದೆಯನ್ನು ಎದುರಿಗೆ ಕೂರಿಸಿಕೊಂಡು ಒಂದೇ ಒಂದು ಸಲ ಹೇಳಿದಳು.

“ಅಪ್ಪ, ನಂಗೆ ಈ ಹುಡುಗ ಇಷ್ಟ. ಈ ಸಂಬಂಧ ತಪ್ಪೋದ್ರೆ ಇನ್ನೊಬ್ಬರ ಮುಂದೆ ನಾನು ಕೂರಲ್ಲ. ನೀನು ಅವತ್ತು ಜಾಸ್ತಿ ಮಾತಾಡ್ಬೇಡ, ಅಷ್ಟೆ ನಾನು ಕೇಳೋದು.”

ಮರಿಯಯ್ಯನವರು ತಲೆಯಾಡಿಸಿದರು. ಮಗಳೆಂದರೆ ಅವರಿಗೆ ಪ್ರಾಣ. ಅವಳಿಗಾಗಿ ಮೌನವ್ರತ ಹಿಡಿಯಲೂ ಅವರು ಸಿದ್ಧರಿದ್ದರು. ಆದರೆ ಮರುದಿನವೇ ಪಟ್ಟಲಮ್ಮ ಫೋನು ಮಾಡಿದಳು. ಮಾತುಕತೆ ಪೂರಿಗಾಲಿಯಲ್ಲಿ, ಮರಿಯಯ್ಯನವರ ಹೆಂಡತಿ ಮಲ್ಲಿಗಮ್ಮನ ಅಣ್ಣ ದೊಡ್ಡಸಿದ್ದಯ್ಯನ ಮನೆಯಲ್ಲಿ ಎಂದು ಮೊದಲೇ ನಿಶ್ಚಯವಾಗಿತ್ತು. ಮನಸ್ಸಿಗೆ ಬಂದರೆ ಅವತ್ತೇ ತಟ್ಟೆ ಬದಲಾಯಿಸಿಕೊಳ್ಳುವುದೆಂದೂ ಆಗಿತ್ತು. ಈಗ ಹೊಸ ಸಮಾಚಾರವೆಂದರೆ, ರವಿಯ ಕಂಪನಿಯ ದೊಡ್ಡ ಸಾಹೇಬರು, ಜಪಾನಿನ ಹಿರಾನೊ ಅನ್ನುವವರು, ಹಳ್ಳಿ ನೋಡಬೇಕೆಂದು ಜೊತೆಗೆ ಬರುತ್ತಾರೆ. ತನ್ನ ಮಗನಿಗೆ ಕೈಹಿಡಿದು ಕೆಲಸ ಕಲಿಸಿದ ಮನುಷ್ಯ, ಅಪ್ಪನಿಲ್ಲದ ಹುಡುಗನಿಗೆ ಅಪ್ಪನ ಹಾಗೆ ನಿಂತವರು, ಅವರ ಮನಸ್ಸಿಗೆ ಸ್ವಲ್ಪ ನೋವಾದರೂ ಆ ಮನೆಯ ಸಂಬಂಧ ತನಗೆ ಬೇಡ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು.

“ಬರ್ಲಿ ಬುಡಿ ಅಮ್ಮ,” ಅಂದರು ಮರಿಯಯ್ಯನವರು. “ಜಪಾನಿನೋರ ರೀತಿ ರಿವಾಜು ಎಲ್ಲಾ ನಂಗೊತ್ತು. ಅದನ್ನೇ ಸ್ಟಡಿ ಮಾಡ್ದೋನು ನಾನು.”

“ಅಂಗಾದ್ರೆ ಒಳ್ಳೇದಾಯ್ತು. ಅವರ್ನ ನೋಡ್ಕಳೋದು ನಿಮ್ದೇ ಜವಾಬ್ದಾರಿ,” ಅಂದು ಪಟ್ಟಲಮ್ಮ ಫೋನು ಇಟ್ಟಳು.

ಸ್ಟಡಿ ಮಾಡಲು ಹದಿನೈದು ದಿನ ಉಳಿದಿತ್ತು. ಮರಿಯಯ್ಯನವರು ಅವತ್ತೇ ಕಚೇರಿಯ ಊಟದ ಬಿಡುವಿನಲ್ಲಿ ಮೊಬೈಲು ತೆಗೆದು ‘ಜಪಾನ್’ ಅಂತ ಒತ್ತಿದರು. ಮೊದಲು ರೈಲು ಬಂತು, ಆಮೇಲೆ ಭೂಕಂಪ ಬಂತು. ಇವೆರಡೂ ಬೀಗರ ಉಪಚಾರಕ್ಕೆ ಉಪಯೋಗವಿಲ್ಲವೆಂದು ಮುಂದಕ್ಕೆ ತಳ್ಳಿದಾಗ ಸಮುರಾಯಿ ಸಿನಿಮಾ ಸಿಕ್ಕಿತು. ಕತ್ತಿ ಕಟ್ಟಿಕೊಂಡ ಹಳೇ ಕಾಲದ ಜಪಾನಿ ಯೋಧರ ಮೇಲೆ ಅಮೆರಿಕದವರು ತೆಗೆದ ಸಿನಿಮಾ, ಪುಣ್ಯಕ್ಕೆ ಕನ್ನಡಕ್ಕೆ ಡಬ್ ಆಗಿತ್ತು. ಮರಿಯಯ್ಯನವರು ಅದನ್ನು ನಾಲ್ಕು ಸಲ ನೋಡಿದರು. ಅದರಂಥವೇ ಇನ್ನೂ ಮೂರನ್ನು ಒಂದೊಂದು ಸಲ ನೋಡಿದರು. ಕಚೇರಿಯ ರೂಲು ಹಾಕಿದ ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡರು. ಪಿಎಚ್‌.ಡಿ. ಮಾಡುವವರೂ ಇಷ್ಟು ಶ್ರದ್ಧೆ ತೋರಿಸುವುದು ಕಡಿಮೆ.

ಸಿನಿಮಾದ ಕಥೆ ಹೀಗೆ. ಐರ್ಲೆಂಡಿನ ಕುದುರೆ ಡಾಕ್ಟರೊಬ್ಬ ಹಡಗು ಒಡೆದು ಜಪಾನಿನ ದಡಕ್ಕೆ ಬಂದು ಬೀಳುತ್ತಾನೆ. ಅವನಿಗೆ ಭಾಷೆ ಬರುವುದಿಲ್ಲ, ಕತ್ತಿ ಹಿಡಿಯಲು ಬರುವುದಿಲ್ಲ, ನೆಟ್ಟಗೆ ಕೂರಲೂ ಬರುವುದಿಲ್ಲ. ಮೊದಲ ಅರ್ಧ ಗಂಟೆ ಸಿಕ್ಕಸಿಕ್ಕವರ ಕೈಲಿ ಒದೆ ತಿನ್ನುತ್ತಾನೆ. ಆಮೇಲೆ ಒಂದು ಹಾಡಿನಷ್ಟು ಹೊತ್ತು ಹಿಮ ಬೀಳುತ್ತದೆ, ಹೂವು ಅರಳುತ್ತದೆ, ಅಷ್ಟರಲ್ಲಿ ಅವನು ತಲೆತಲಾಂತರದಿಂದ ಕತ್ತಿ ಬೀಸುತ್ತಿದ್ದ ಮನೆತನದವರಿಗಿಂತ ಚೆನ್ನಾಗಿ ಬೀಸತೊಡಗುತ್ತಾನೆ. ಕೊನೆಗೆ ಜಪಾನಿನವರೆಲ್ಲ ಸತ್ತು ಅವನೊಬ್ಬ ಉಳಿಯುತ್ತಾನೆ. ಸತ್ತವರ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಜಪಾನಿನ ಮರ್ಯಾದೆ ಎಂದರೆ ಏನು ಎಂದು ಪಾಠ ಹೇಳುತ್ತಾನೆ.

ಮಲ್ಲಿಗಮ್ಮ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತು ಒಂದು ಸಲ ಪೂರ್ತಿ ನೋಡಿದಳು. ಅಷ್ಟೊಂದು ಜನ ಗಟ್ಟಿಮುಟ್ಟಾದ ಗಂಡಸರು ಊರಲ್ಲೇ ಇದ್ದು, ನೀರಲ್ಲಿ ತೇಲಿಕೊಂಡು ಬಂದವನೊಬ್ಬನೇ ಹೆಂಗೆ ಉಳಿದ ಎಂದು ಕೇಳಿದಳು. ಮರಿಯಯ್ಯನವರು ಅದು ಕಥೆಯ ಆಳ, ನಿನಗೆ ತಿಳಿಯುವುದಿಲ್ಲ ಅಂದರು. ಅವರಿಗೂ ತಿಳಿದಿರಲಿಲ್ಲ.

ಪಕ್ಕದ ಮನೆಯ ಜಯಪ್ರಕಾಶ್ ನಿವೃತ್ತ ಇತಿಹಾಸ ಮೇಷ್ಟ್ರು. ಸಕ್ಕರೆ ಕೇಳಲು ಬಂದವರು ನಿಂತೇ ಅರ್ಧ ಸಿನಿಮಾ ನೋಡಿ, ಕೆಂಡವಾಗಿ, ಸಕ್ಕರೆ ಮರೆತರು. ಇತಿಹಾಸದ ಹೆಸರಿನಲ್ಲಿ ಇದೆಲ್ಲ ಬರೀ ಬುರುಡೆ ಎಂಬುದು ಅವರ ತೀರ್ಮಾನ.

“ಕ್ಯಾಮೆರಾ ಯಾರ ಹಿಂದೆ ಹೋಗುತ್ತೋ ಅವನು ಸಾಯಲ್ಲ, ಮರಿಯಯ್ಯನವರೇ. ಯಾವನೋ ಹೊರಗಿನವನು ಬಂದು ನಮಗೆ ಕಬ್ಬು ಕಡಿಯೋದು ಹೇಗೆ ಅಂತ ತೋರಿಸಿ ಹೀರೋ ಆಗೋದಾದ್ರೆ ನಿಮಗೆ ಹೇಗಾಗುತ್ತೆ? ಜಪಾನಿನವರು ಒಳಗೊಳಗೇ ಕುದೀತಿರ್ತಾರೆ. ಆ ಮನುಷ್ಯನ ಮುಂದೆ ಈ ಸಿನಿಮಾದ ಸುದ್ದಿ ಎತ್ತಬೇಡಿ.”

ಮರಿಯಯ್ಯನವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಆದರೆ ಅವರ ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ನಿಂತದ್ದು ಬೇರೆ ಒಂದು ದೃಶ್ಯ. ಸಿನಿಮಾದಲ್ಲಿ ಒಬ್ಬ ವಯಸ್ಸಾದ ಸಮುರಾಯಿ ಇದ್ದಾನೆ. ಒಳ್ಳೆಯವನು. ಹಬ್ಬದ ದಿನ ಅವನ ಕೈಯಿಂದ ಏನೋ ತಪ್ಪಾಗುತ್ತದೆ, ನಾಲ್ಕು ಜನರ ಮುಂದೆ ಬೈಸಿಕೊಳ್ಳುತ್ತಾನೆ. ಸುಮ್ಮನೆ ಎದ್ದು ಹೋಗಿ ಬಿಳಿ ಬಟ್ಟೆಯಲ್ಲಿ ಚಾಪೆಯ ಮೇಲೆ ಮಂಡಿಯೂರುತ್ತಾನೆ. ಒಬ್ಬ ಬಂದು ಅವನ ಮುಂದೆ ನೆಲದ ಮೇಲೆ ಕತ್ತಿ ಇಟ್ಟು ಹಿಂದಕ್ಕೆ ಸರಿಯುತ್ತಾನೆ. ಇವನು ಕತ್ತಿಗೆ ತಲೆಬಾಗಿ, ನಡುವಿನ ಬಟ್ಟೆ ಸಡಿಲಿಸಿ, ಎರಡೂ ಕೈಯಲ್ಲಿ ಕತ್ತಿ ಎತ್ತಿಕೊಂಡು ತನ್ನ ಹೊಟ್ಟೆ ತಾನೇ ಬಗೆದುಕೊಳ್ಳುತ್ತಾನೆ. ಸುತ್ತ ನಿಂತವರು ಕಂಬಗಳ ಹಾಗೆ ನಿಂತಿರುತ್ತಾರೆ. ನಾಲ್ಕು ಸಲ ನೋಡಿದಾಗಲೂ ನಾಲ್ಕು ಸಲ ಮರಿಯಯ್ಯನವರ ಕಣ್ಣಲ್ಲಿ ನೀರು ಬಂತು. ‘ಯಾರಾದ್ರೂ ಒಬ್ಬ ಓಗಿ ಹಿಡ್ಕಳ್ರಪ್ಪ’ ಎಂದು ಮೊಬೈಲಿಗೆ ಹೇಳಿದರು. ಮೊಬೈಲು ಕೇಳಲಿಲ್ಲ.

ಇಷ್ಟು ವಿದ್ಯಾಭ್ಯಾಸ ಮುಗಿಸಿಕೊಂಡು, ಆ ಭಾನುವಾರ ಮರಿಯಯ್ಯನವರು ಹೆಂಡತಿ, ಮಗಳು, ಮತ್ತು ಹಿರಿಯರೊಬ್ಬರು ಇರಲಿ ಎಂದು ಜಯಪ್ರಕಾಶ್ ಮೇಷ್ಟ್ರನ್ನೂ ಕರೆದುಕೊಂಡು ಬೆಳಿಗ್ಗೆಯೇ ಪೂರಿಗಾಲಿ ಸೇರಿದರು. ದೊಡ್ಡಸಿದ್ದಯ್ಯನ ಮನೆಯಲ್ಲಿ ಆಗಲೇ ಒಲೆ ಹತ್ತಿತ್ತು. ಬಂಡೂರು ಕುರಿಯ ಮಾಂಸ ದೊಡ್ಡ ತಪ್ಪಲೆಯಲ್ಲಿ ಬೇಯುತ್ತಿತ್ತು. ಅದರ ಜೊತೆಯ ಟಗರೊಂದು ಅಂಗಳದ ಗೂಟದಲ್ಲಿ, ತನ್ನ ಸರದಿ ಇವತ್ತಲ್ಲವೆಂದು ತಿಳಿದು, ನಿಶ್ಚಿಂತೆಯಿಂದ ಸೊಪ್ಪು ಮೇಯುತ್ತಿತ್ತು. ಹಿತ್ತಲಲ್ಲಿ ದೊಡ್ಡಸಿದ್ದಯ್ಯ ಎಳನೀರು ಕೊಚ್ಚಲು ಮಚ್ಚು ಮಸೆಯುತ್ತಿದ್ದ.

ಮರಿಯಯ್ಯನವರು ಎಲ್ಲರನ್ನೂ ನಿಲ್ಲಿಸಿಕೊಂಡು ಉಪನ್ಯಾಸ ಕೊಟ್ಟರು. ಜಪಾನಿನವರು ನಗುವುದಿಲ್ಲ, ಆದ್ದರಿಂದ ಯಾರೂ ನಗಕೂಡದು. ಅವರ ಎದುರು ಸೊಂಟದ ತನಕ ಬಾಗಬೇಕು, ಅವರಿಗಿಂತ ಮೊದಲು ಏಳಬಾರದು. ಮುಖ್ಯವಾದದ್ದೆಂದರೆ ಯಾರೂ ಅವರನ್ನು ಬೈಯಬಾರದು. ನಾಲ್ಕು ಜನರ ಮುಂದೆ ಒಂದು ಮಾತು ಅಂದರೂ ಆ ಜನ ಉಳಿಯುವುದಿಲ್ಲ.

“ಬೀಗ್ರು ಮನೇಗ್ ಬಂದೋರ್ನ ಯಾರ್ಲಾ ಬಯ್ತಾರೆ ಬಾವ,” ಅಂದ ದೊಡ್ಡಸಿದ್ದಯ್ಯ. “ನೀನೊಬ್ಬ ಸುಮ್ಕಿದ್ರೆ ಸಾಕು.”

ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದೇವೆ, ಮಳವಳ್ಳಿಯಲ್ಲಿ ಅಮ್ಮನನ್ನು ಹತ್ತಿಸಿಕೊಂಡು ಬರುತ್ತೇವೆ ಎಂದು ರವಿಚಂದ್ರನ ಫೋನು ಬಂತು. ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಕಾರು ಬಂತು. ಮೊದಲು ಪಟ್ಟಲಮ್ಮ ಇಳಿದಳು, ಆಮೇಲೆ ರವಿಚಂದ್ರ, ಕೊನೆಗೆ ಹಿರಾನೊ.

ಮರಿಯಯ್ಯನವರು ಕಾರಿನ ಒಳಗೆ ಇನ್ನೊಂದು ಸಲ ಇಣುಕಿ ನೋಡಿದರು. ಇನ್ನು ಯಾರೂ ಇರಲಿಲ್ಲ. ಎದುರಿಗೆ ನಿಂತಿದ್ದದ್ದು ಐದೂಕಾಲಡಿಯ, ದುಂಡು ಮುಖದ, ತಲೆಗೆ ಟೋಪಿ ಹಾಕಿದ, ಸುಮಾರು ಐವತ್ತೈದರ ಮನುಷ್ಯ. ಗಲ್ಲದ ಮೇಲೆ ವಡೆಯ ಚೂರು ಅಂಟಿಕೊಂಡಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ನಗುತ್ತಿದ್ದರು. ಮನೆ ನೋಡಿ ನಕ್ಕರು, ಟಗರು ನೋಡಿ ನಕ್ಕರು, ಮರಿಯಯ್ಯನವರನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಪುಸ್ತಕದಲ್ಲಿ ಇದಕ್ಕೆ ಎಲ್ಲೂ ಪರಿಹಾರ ಇರಲಿಲ್ಲ. ಒಳಗೆ ಏನೋ ದೊಡ್ಡ ದುಃಖ ಇರಬೇಕು, ಅದನ್ನು ಮುಚ್ಚಿಕೊಳ್ಳಲು ನಗುತ್ತಿದ್ದಾರೆ ಎಂದು ಮರಿಯಯ್ಯನವರು ನಿರ್ಧರಿಸಿ ಸೊಂಟದ ತನಕ ಬಾಗಿದರು.

ಹಿರಾನೊ ತಾವೂ ಬಾಗಿದರು. ಅವರಿಗಿಂತ ಮೊದಲು ಏಳಬಾರದಲ್ಲ, ಮರಿಯಯ್ಯನವರು ಕಣ್ಣಂಚಿನಲ್ಲಿ ನೋಡಿಕೊಂಡು ಹಾಗೇ ಇದ್ದರು. ಆತಿಥೇಯರು ಏಳಲಿಲ್ಲವಲ್ಲ ಎಂದು ಹಿರಾನೊ ಕೂಡ ಹಾಗೇ ಇದ್ದರು. ಅಂಗಳದಲ್ಲಿ ಇಬ್ಬರು ದೊಡ್ಡ ಮನುಷ್ಯರು ನಾಟಿ ಗದ್ದೆಯಲ್ಲಿ ಬಾಗಿದವರ ಹಾಗೆ ಎದುರುಬದುರು ಬಾಗಿ ನಿಂತು ಒಂದು ನಿಮಿಷ ಕಳೆಯಿತು.

“ಬೀಗ್ರಿಗೆ ಸೊಂಟ ಹಿಡ್ಕತಾ?” ಎಂದು ಪಟ್ಟಲಮ್ಮ ಮಲ್ಲಿಗಮ್ಮನನ್ನು ಕೇಳಿದಳು. ಮಲ್ಲಿಗಮ್ಮ ಗಂಡನ ಅಂಗಿ ಹಿಡಿದು ಎತ್ತಿ ನಿಲ್ಲಿಸಿದಳು.

ದೊಡ್ಡಸಿದ್ದಯ್ಯ ತನಗೆ ತಿಳಿದ ಉಪಚಾರ ಮಾಡಿದ. ಕೈಕಾಲಿಗೆ ನೀರು ಕೊಟ್ಟು, ಕೊರಳಿಗೆ ಸೇವಂತಿಗೆ ಹಾರ ಹಾಕಿ, ದೂರದಿಂದ ಬಂದವರಿಗೆಂದು ತಂದಿಟ್ಟಿದ್ದ ಬಿಳಿ ಪಂಚೆ, ಬಿಳಿ ಅಂಗಿ ಉಡಿಸಿದ. ಹಜಾರದಲ್ಲಿ ಅಂಬೇಡ್ಕರ್ ಪಟದ ಪಕ್ಕದಲ್ಲಿದ್ದ ಬುದ್ಧನ ಪಟ ನೋಡಿ ಹಿರಾನೊ ಮೊದಲ ಬಾರಿಗೆ ನಗು ನಿಲ್ಲಿಸಿ ಕೈಮುಗಿದರು. ದೊಡ್ಡಸಿದ್ದಯ್ಯನಿಗೆ ಎದೆ ತುಂಬಿತು. ಮರಿಯಯ್ಯನವರು ಮಾತ್ರ ಬಿಳಿ ಬಟ್ಟೆ ನೋಡಿ ಬೆವರಿದರು. ಬೇರೆ ಬಣ್ಣದ್ದು ಇಲ್ಲವಾ ಎಂದು ಬಾವನ ಕಿವಿಯಲ್ಲಿ ಕೇಳಿದರು. ಪಂಚೆಯಲ್ಲಿ ಎಂಥ ಬಣ್ಣ ಎಂದು ಬಾವ ಬಾಯಿಬಿಟ್ಟೇ ಕೇಳಿದ.

ಸ್ವಲ್ಪ ಹೊತ್ತು ಎಲ್ಲವೂ ಸರಿಯಾಗಿ ನಡೆಯಿತು. ಮಾತು ಕೊಟ್ಟಂತೆ ಮರಿಯಯ್ಯನವರು ಬಾಯಿ ಬಿಗಿಹಿಡಿದು ಕೂತಿದ್ದರು. ಪಟ್ಟಲಮ್ಮನಿಗೆ ಶೋಭಿತಾ ಹಿಡಿಸಿದಳೆಂದು ಕಾಣುತ್ತಿತ್ತು. ಆಕೆ ಚೀಲದಿಂದ ತಟ್ಟೆ ತೆಗೆದು, ವೀಳ್ಯದೆಲೆ, ಬಾಳೆಹಣ್ಣು, ಹೂವು ಜೋಡಿಸಿ ಜಗಲಿಯ ಚಾಪೆಯ ಮೇಲೆ ಇಟ್ಟುಕೊಂಡಳು. ಇದು ಒಪ್ಪಿಗೆಗೆ ಒಂದು ಮೆಟ್ಟಿಲು ಕೆಳಗಿನ ಲಕ್ಷಣ. ದೊಡ್ಡವರು ಒಪ್ಪಿ ರವಿಚಂದ್ರನನ್ನೂ ಶೋಭಿತಾಳನ್ನೂ ತೋಟ ನೋಡಿ ಬನ್ನಿ ಎಂದು ಹಿತ್ತಲ ಕಡೆ ಕಳಿಸಿದರು. ಹೀಗೆ, ಕನ್ನಡ ಜಪಾನಿ ಎರಡೂ ಗೊತ್ತಿದ್ದ ಒಬ್ಬನೇ ಮನುಷ್ಯ ಅಲ್ಲಿಂದ ಹೊರಟುಹೋದ.

ಹಿರಾನೊ ಟಗರಿನ ಫೋಟೊ ತೆಗೆಯುತ್ತಿದ್ದರು. ಟಗರು ಪೂರ್ತಿ ಬರಲೆಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಕೊಂಬು ಬರಲೆಂದು ಇನ್ನೊಂದು ಹೆಜ್ಜೆ ಇಟ್ಟು, ಜಗಲಿ ಎಡವಿ, ಪಟ್ಟಲಮ್ಮನ ತಟ್ಟೆಯ ಮೇಲೆ ದೊಪ್ಪನೆ ಕೂತರು. ಬಾಳೆಹಣ್ಣು ಅಪ್ಪಚ್ಚಿಯಾಯಿತು. ಪಕ್ಕದಲ್ಲಿದ್ದ ಪಾನಕದ ಚೊಂಬು ಉರುಳಿ ಪಟ್ಟಲಮ್ಮನ ಹೊಸ ಸೀರೆಯ ನೆರಿಗೆ, ಸೆರಗೆಲ್ಲ ನೆನೆಯಿತು.

“ಕಣ್ ಕಾಣಕಿಲ್ವಾ ನಿಂಗೆ? ಕತ್ತೆ ಅಂಗೆ ಬೆಳ್ದಿದ್ದೀಯ, ಹಿಂದೆ ಮುಂದೆ ನೋಡ್ಕಂಡು ಕಾಲಿಡಕ್ ಬರಕಿಲ್ವಾ?” ಅಂದಳು ಪಟ್ಟಲಮ್ಮ.

ತನ್ನ ಮಗನನ್ನು ದಿನಕ್ಕೆ ಹತ್ತು ಸಲ ಬೈಯುವ ದನಿಯಲ್ಲೇ, ಅಷ್ಟೇ ಪ್ರೀತಿಯಿಂದ ಆಕೆ ಬೈದದ್ದು. ಹಿರಾನೊ ಮಳವಳ್ಳಿಯ ಮನೆಯಲ್ಲಿ ಹತ್ತಾರು ಸಲ ಉಂಡವರು, ಈ ಬೈಗುಳ ಅವರಿಗೆ ಹೊಸದಲ್ಲ. ಅವರು ನೆಲಕ್ಕೆ ಹಣೆ ತಾಗುವ ಹಾಗೆ ಬಾಗಿ ತಪ್ಪಾಯಿತು ಅಂದರು. ಆದರೆ ಮರಿಯಯ್ಯನವರಿಗೆ ಇದು ಯಾವುದೂ ಗೊತ್ತಿಲ್ಲವಲ್ಲ. ಅವರ ಕಣ್ಣಿಗೆ ಬಿದ್ದದ್ದು ಶುಭಕಾರ್ಯದ ದಿನ, ನಾಲ್ಕು ಜನರ ಮುಂದೆ, ವಯಸ್ಸಾದ ಜಪಾನಿ ಬೈಸಿಕೊಂಡದ್ದು. ಅದು ಬೈಗುಳವಲ್ಲ ಸಾರ್, ನಮ್ಮ ಕಡೆ ಮಾತಾಡುವ ರೀತಿ, ಎಂದು ಹೇಳಬೇಕೆಂದರೆ ಇಂಗ್ಲಿಷು ಬಾಯಿಗೆ ಬರಲಿಲ್ಲ. ಬಂದದ್ದು ‘ಸಾರ್, ಪ್ಲೀಸ್, ನಾಟ್ ಸೀರಿಯಸ್’ ಎಂಬುದಷ್ಟೇ. ಹಿರಾನೊ ನಕ್ಕು ಎದ್ದು ಅಂಗಳಕ್ಕೆ ಹೋದರು.

ಅಲ್ಲಿ ದೊಡ್ಡಸಿದ್ದಯ್ಯ ಎಳನೀರು ಗುಡ್ಡೆ ಹಾಕಿಕೊಂಡು ನಿಂತಿದ್ದ. ನೀವೂ ಒಂದು ಕೊಚ್ಚಿ ನೋಡಿ ಎಂದು ಕೈಸನ್ನೆಯಲ್ಲಿ ಕರೆದ. ಹಿರಾನೊ ತಲೆಯಾಡಿಸಿ ಅಲ್ಲಿ ಹಾಸಿದ್ದ ಚಾಪೆಯ ಮೇಲೆ ತಮ್ಮ ಪದ್ಧತಿಯಂತೆ ಮಂಡಿಯೂರಿ ಕೂತರು. ದೊಡ್ಡಸಿದ್ದಯ್ಯ ಮಚ್ಚನ್ನು ಟವೆಲಿನಿಂದ ಒರೆಸಿದ. ನಮ್ಮ ಕಡೆ ಯಾರೂ ಮಚ್ಚು, ಚಾಕು, ಕುಡುಗೋಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ ಅನ್ನುತ್ತಾರೆ. ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಮರಿಯಯ್ಯನವರೂ ಹುಟ್ಟಿದಾಗಿನಿಂದ ಹಾಗೇ ಮಾಡಿದವರು. ಆದರೆ ಹದಿನೈದು ದಿನದ ವ್ಯಾಸಂಗ ಐವತ್ತಾರು ವರ್ಷದ ತಿಳುವಳಿಕೆಯನ್ನು ತೊಳೆದು ಹಾಕಿತ್ತು.

ಅವರು ಜಗಲಿಯ ಮೇಲಿಂದ ನೋಡಿದರು. ಬಿಳಿ ಬಟ್ಟೆಯ ಜಪಾನಿ ಚಾಪೆಯ ಮೇಲೆ ಮಂಡಿಯೂರಿದ್ದರು. ಬಾವ ಅವರ ಮುಂದೆ ನೆಲದ ಮೇಲೆ ಮಚ್ಚು ಇಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹಿರಾನೊ ಮಚ್ಚಿಗೆ ತಲೆಬಾಗಿದರು. ಅಭ್ಯಾಸವಿಲ್ಲದ ಪಂಚೆ ಜಾರುತ್ತಿತ್ತೆಂದು ಕಾಣುತ್ತದೆ, ಸೊಂಟದ ಗಂಟು ಸಡಿಲಿಸಿದರು. ಆಮೇಲೆ ಎರಡೂ ಕೈಯಲ್ಲಿ ಮಚ್ಚು ಎತ್ತಿಕೊಂಡರು. ಸುತ್ತ ನಿಂತವರು ಕಂಬಗಳ ಹಾಗೆ ನಿಂತಿದ್ದರು.

ಮರಿಯಯ್ಯನವರು ಜಗಲಿಯಿಂದ ಹಾರಿದ ವೇಗ ಅವರ ವಯಸ್ಸಿಗೂ ಮೈಭಾರಕ್ಕೂ ಹೊಂದುವಂಥದ್ದಲ್ಲ. ‘ನೋ ಸಾರ್, ನೋ, ಅವರು ಎಲ್ಲರಿಗೂ ಬಯ್ತಾರೆ’ ಎಂದು ಕೂಗುತ್ತ ಹೋಗಿ ಹಿರಾನೊ ಅವರ ಮೇಲೆ ಬಿದ್ದರು. ಮಚ್ಚು ಹಿಡಿದ ಕೈಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಅತಿಥಿಯೂ ಆತಿಥೇಯರೂ ಎಳನೀರಿನ ಗುಡ್ಡೆಯ ಮೇಲೆ ಉರುಳಿದರು. ಎಳನೀರು ಅಂಗಳದ ತುಂಬ ಓಡಾಡಿದವು. ಮಚ್ಚು ಹಾರಿ ಟಗರಿನ ಹಗ್ಗ ಕಡಿಯಿತು, ಟಗರು ಬಂಡೂರಿನ ದಿಕ್ಕಿಗೆ ಓಡಿತು. ಸಡಿಲಾಗಿದ್ದ ಪಂಚೆ ತನ್ನ ಪಾಡಿಗೆ ತಾನು ಬಿಚ್ಚಿಕೊಂಡಿತು. ಧೂಳು ಅಡಗಿದಾಗ ಕಂಪನಿಯ ದೊಡ್ಡ ಸಾಹೇಬರು ಹೂವಿನ ಹಾರ ಮತ್ತು ಚಡ್ಡಿಯಲ್ಲಿ ನೆಲದ ಮೇಲಿದ್ದರು. ಅವರು ಈಗ ನಗುತ್ತಿರಲಿಲ್ಲ. ಕಣ್ಣುಮುಚ್ಚಿ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದರು.

ಹಿತ್ತಲಿಂದ ರವಿಚಂದ್ರ, ಶೋಭಿತಾ ಓಡಿ ಬಂದರು. ಶೋಭಿತಾ ತಂದೆಯನ್ನು ನೋಡಿದಳು, ಪಟ್ಟಲಮ್ಮನ ಮುಖ ನೋಡಿದಳು. ಆಮೇಲೆ ಬಗ್ಗಿ, ಉರುಳಿದ್ದ ಎಳನೀರನ್ನು ಒಂದೊಂದಾಗಿ ಎತ್ತಿಡತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮರಿಯಯ್ಯನವರಿಗೆ. ಅವರ ಮುಂಗೈಯಿಂದ ರಕ್ತ ಸೋರುತ್ತಿತ್ತು, ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

ವಿಚಾರಣೆ ಅಲ್ಲೇ ಅಂಗಳದಲ್ಲಿ ನಡೆಯಿತು. ಯಾಕೆ ಹೀಗೆ ಮಾಡಿದಿರಿ ಎಂದು ಪಟ್ಟಲಮ್ಮ ಕೇಳಿದಳು. ಮರಿಯಯ್ಯನವರು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿದರು. ತಮಗೆ ಜಪಾನು ಗೊತ್ತಿರಲಿಲ್ಲ, ಗೊತ್ತು ಅಂದದ್ದು ಸುಳ್ಳು, ಗೊತ್ತಿರುವುದೆಲ್ಲ ಅಮೆರಿಕದವರ ಸಿನಿಮಾದಿಂದ ಬಂದದ್ದು, ಅದರಲ್ಲಿ ಬೈಸಿಕೊಂಡವನು ಇದೇ ರೀತಿ ಕೂತು ಹೊಟ್ಟೆ ಬಗೆದುಕೊಂಡ. “ಕಣ್ಮುಂದೆ ಒಬ್ಬ ಮನುಷ್ಯ ಓಯ್ತಾವ್ನೆ ಅಂದ್ಕಂಡೆ ಕಣಮ್ಮ. ಸಂಬಂಧ, ಶಾಸ್ತ್ರ ಯಾವುದೂ ಗ್ಯಾನಕ್ಕೆ ಬರ್ನಿಲ್ಲ,” ಅಂದರು. ರವಿಚಂದ್ರ ಕಿವಿಯ ತನಕ ಕೆಂಪಾಗಿ ಅದನ್ನೆಲ್ಲ ಜಪಾನಿ ಭಾಷೆಗೆ ಹೇಳಿದ.

ಹಿರಾನೊ ಕಣ್ಣು ಬಿಟ್ಟರು. ಆಮೇಲೆ ಯಾವ ಸಿನಿಮಾ ಎಂದು ಕೇಳಿದರು. ಜಯಪ್ರಕಾಶ್ ಮೇಷ್ಟ್ರು ಬೇಡ ಬೇಡ ಎಂದು ಕೈಯಾಡಿಸುತ್ತಿರುವಾಗಲೇ ಮರಿಯಯ್ಯನವರು ಮೊಬೈಲಿನಲ್ಲಿ ತೋರಿಸಿದರು. ಹಿರಾನೊ ಅವರ ಮುಖ ಅರಳಿತು. ಬಹಳ ಒಳ್ಳೆಯ ಸಿನಿಮಾ, ನಾನು ಎರಡು ಸಲ ಅತ್ತೆ, ನನ್ನ ಹೆಂಡತಿ ಮೂರು ಸ‌ಲ, ನಮ್ಮೂರಿನ ಟಾಕೀಸಿನಲ್ಲಿ ಎಲ್ಲರೂ ಕರ್ಚೀಫು ಹಿಡಿದು ಕೂತಿದ್ದರು ಅಂದರು.

ಮೇಷ್ಟ್ರಿಗೆ ಇದು ತಡೆಯಲಾಗಲಿಲ್ಲ. ಅದೆಲ್ಲ ಸುಳ್ಳಲ್ಲವೇ, ನಿಮ್ಮ ಇತಿಹಾಸಕ್ಕೆ ಅವಮಾನವಲ್ಲವೇ, ನಿಮಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದರು. ಹಿರಾನೊ ಯೋಚಿಸಿ ಹೇಳಿದರು: ಸುಳ್ಳು ಎಂಬುದು ನಿಜ. ಬೆಟ್ಟ ನಮ್ಮದಲ್ಲ, ಚಪ್ಪಲಿ ಕಟ್ಟಿದ ರೀತಿ ತಪ್ಪು, ಹೂವು ಅರಳಿದ ತಿಂಗಳೂ ತಪ್ಪು, ಆ ಬಿಳಿಯ ಯಾಕೆ ಬಂದನೋ ಗೊತ್ತಿಲ್ಲ. ಆದರೆ ಕುದುರೆಗಳು ಚೆನ್ನಾಗಿದ್ದವು, ಆ ಮುದುಕ ಸತ್ತಾಗ ಅಳು ಬಂತು. ಮೇಷ್ಟ್ರು ಇಡೀ ಒಂದು ದೇಶದ ಪರವಾಗಿ ಹದಿನೈದು ದಿನದಿಂದ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸುವುದೋ ತಿಳಿಯದೆ ಜಗಲಿಯ ಮೇಲೆ ಕೂತರು.

ನಿಮ್ಮದು ಸಮುರಾಯಿ ವಂಶವೇ ಎಂದು ಮರಿಯಯ್ಯನವರು ಅಂಜುತ್ತ ಕೇಳಿದರು. ಹಿರಾನೊ ಜೋರಾಗಿ ನಕ್ಕರು. ತಮ್ಮ ಕಡೆಯವರೆಲ್ಲ ಮೂಲಂಗಿ ಬೆಳೆಯುವವರು. ಸಮುರಾಯಿಗಳ ದೊರೆ ಮೆರವಣಿಗೆಯಲ್ಲಿ ಬಂದರೆ, ಎಷ್ಟೇ ಕೆಸರಿದ್ದರೂ ದಾರಿಯ ಪಕ್ಕ ಮಂಡಿಯೂರಿ ನೆಲ ನೋಡಬೇಕಿತ್ತಂತೆ. ತಲೆ ಎತ್ತಿದರೆ ಕತೆ ಮುಗಿಯಿತು. ಹಾಗೆ ಕೂತವರನ್ನು ಯಾವ ಸಿನಿಮಾದವರೂ ಹತ್ತಿರದಿಂದ ತೋರಿಸುವುದಿಲ್ಲ ಅಂದರು.

ರವಿಚಂದ್ರ ಇದನ್ನು ಕನ್ನಡಕ್ಕೆ ಹೇಳಿ ಮುಗಿಸಿದ. ದೊಡ್ಡಸಿದ್ದಯ್ಯ ಬಿದ್ದಿದ್ದ ಪಂಚೆ ಎತ್ತಿ, ಧೂಳು ಕೊಡವಿ, ತಾನೇ ಬಗ್ಗಿ ಹಿರಾನೊ ಅವರ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ.

“ನಮ್ ತಾತಾನೂವೆ ಯಜಮಾನ್ರು ಬಂದ್ರೆ ಎಕ್ಕಡ ಕೈಲಿ ಹಿಡ್ಕಂಡು ಬೇಲಿ ಪಕ್ಕಕ್ಕೆ ನಿಂತ್ಕತಿದ್ದ ಕಣಪ್ಪ,” ಅಂದ. “ನೀನು ನಮ್ಮೋನೇ ಬುಡು.”

ಇನ್ನು ಹಿರಾನೊ ಅವರ ಸರದಿ. ಅವರೂ ಒಂದು ತಪ್ಪು ಒಪ್ಪಿಕೊಳ್ಳಬೇಕು ಅಂದರು. ಇಂಡಿಯಾಕ್ಕೆ ಬರುವ ಮುಂಚೆ ಅವರೂ ಒಂದು ಸಿನಿಮಾ ನೋಡಿದ್ದರಂತೆ, ಇಂಡಿಯಾದ ಮೇಲೆ ಅಮೆರಿಕದವರು ತೆಗೆದದ್ದು. ಅದರಲ್ಲಿ ದೂರದ ಹಳ್ಳಿಗೆ ಬಂದ ವಿದೇಶಿ ಅತಿಥಿಗೆ ಹಾರ ಹಾಕಿ, ಬಿಳಿ ಬಟ್ಟೆ ಉಡಿಸಿ, ಊರವರೆಲ್ಲ ಗಂಭೀರವಾಗಿ ಸುತ್ತ ನಿಂತು, ಆಮೇಲೆ ಬಲಿ ಕೊಡುತ್ತಾರೆ. ಎರಡು ವರ್ಷದಿಂದ ಬಿಡದಿಯಲ್ಲಿದ್ದು ಅದು ಮರೆತೇ ಹೋಗಿತ್ತು. ಇವತ್ತು ಕಾರಿನಿಂದ ಇಳಿದರೆ ಹಿತ್ತಲಲ್ಲಿ ಮಚ್ಚು ಮಸೆಯುವ ಸದ್ದು, ಒಲೆಯ ಮೇಲೆ ದೊಡ್ಡ ತಪ್ಪಲೆ, ಒಬ್ಬರ ಮುಖದಲ್ಲೂ ನಗುವಿಲ್ಲ, ಹೆಣ್ಣಿನ ತಂದೆ ಮಾತೇ ಆಡುವುದಿಲ್ಲ. ಹಾರ ಬಂತು, ಬಿಳಿ ಬಟ್ಟೆಯೂ ಬಂತು. ಹೆದರಿಕೆ ತೋರಿಸಬಾರದೆಂದು ಬೆಳಗಿನಿಂದ ನಗುತ್ತಿದ್ದರಂತೆ. ಮಚ್ಚು ತಮ್ಮ ಕೈಗೇ ಬಂದಾಗ ಸದ್ಯ ಬದುಕಿದೆ ಅಂದುಕೊಂಡರಂತೆ. ಅಷ್ಟರಲ್ಲಿ ಮರಿಯಯ್ಯನವರು ಮೇಲೆ ಬಿದ್ದರು.

ಮೊದಲು ನಕ್ಕವಳು ಮಲ್ಲಿಗಮ್ಮ. ಆಮೇಲೆ ಅಡಿಗೆಮನೆಯ ಹೆಂಗಸರು, ಆಮೇಲೆ ದೊಡ್ಡಸಿದ್ದಯ್ಯ. ಪಟ್ಟಲಮ್ಮ ನಗಲಿಲ್ಲ. ಆಕೆ ಮರಿಯಯ್ಯನವರ ಕೈ ಹಿಡಿದು, ಗಾಯ ತಿರುಗಿಸಿ ನೋಡಿದಳು. ಆಳವಿರಲಿಲ್ಲ. ತನ್ನ ಪಾನಕ ಮೆತ್ತಿದ ಸೆರಗನ್ನು ಒತ್ತಿ ಹಿಡಿದು, ಶೋಭಿತಾಳ ಕಡೆ ತಿರುಗಿದಳು.

“ನಿಮ್ಮಪ್ಪ ಯಾವಾಗ್ಲೂ ಇಂಗೇನಾ?”

ಶೋಭಿತಾ ತಲೆ ತಗ್ಗಿಸಿದಳು. “ಊಂ ಅತ್ತೆ,” ಅಂದಳು. “ಯಾವಾಗ್ಲೂ.”

“ಬಾಯಿ ಜಾಸ್ತಿ. ಬುದ್ಧಿ ಇಲ್ಲ,” ಅಂದಳು ಪಟ್ಟಲಮ್ಮ ಮರಿಯಯ್ಯನವರ ಎದುರಿಗೇ. “ಆದ್ರೆ ಗುರುತು ಪರಿಚಯ ಇಲ್ದೋನು ಸಾಯ್ತಾನೆ ಅಂತ ಮಚ್ಚಿಗೆ ಕೈ ಕೊಟ್ಟೋನು, ನಾಳೆ ನನ್ ಮಗನ್ಗೆ ಕೊಡಲ್ವಾ. ಇನ್ನೊಂದು ತಟ್ಟೆ ತತ್ತಾ ಮಗ.”

ಶೋಭಿತಾ ತಟ್ಟೆ ತರಲು ಓಡಿದಳು. ಬುದ್ಧನ ಪಟದ ಮುಂದೆ ಎರಡು ಮನೆಯವರೂ ಕೈಮುಗಿದು ನಿಂತರು. ಹುಡುಗನ ತಂದೆಯ ಜಾಗದಲ್ಲಿ ಯಾರು ತಟ್ಟೆ ಹಿಡಿಯುವುದೆಂಬ ಮಾತು ಬಂದಾಗ ಪಟ್ಟಲಮ್ಮ ಹಿರಾನೊ ಅವರನ್ನು ಮುಂದಕ್ಕೆ ತಳ್ಳಿದಳು. ಹಿರಾನೊ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಪಂಚೆ ಹಿಡಿದುಕೊಂಡು ಬಂದರು. ಮರಿಯಯ್ಯನವರು ಬ್ಯಾಂಡೇಜು ಕಟ್ಟಿದ ಕೈಯಲ್ಲಿ ತಟ್ಟೆ ಕೊಟ್ಟು, ಅವರ ತಟ್ಟೆ ತೆಗೆದುಕೊಂಡರು. ಕೊಡುವ ತನಕ ಸರಿಯಾಗೇ ಇದ್ದರು. ಕೊಟ್ಟಾದ ಮೇಲೆ ಮಗಳ ಮುಖ ನೋಡಿದರು, ತಟ್ಟೆ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಹಿರಾನೊ ಗಾಬರಿಯಾದರು. ಮತ್ತೇನು ತಪ್ಪಾಯಿತು, ನಾನು ಯಾವ ಕೈಯಲ್ಲಿ ತೆಗೆದುಕೊಳ್ಳಬೇಕಿತ್ತು ಎಂದು ರವಿಚಂದ್ರನನ್ನು ಕೇಳಿದರು. ರವಿಚಂದ್ರ ಜಪಾನಿಯಲ್ಲಿ ಶಬ್ದ ಹುಡುಕುತ್ತಿದ್ದ. ಹುಡುಕಿ ಮುಗಿಯುವ ಮೊದಲೇ ಹಿರಾನೊ ಮರಿಯಯ್ಯನವರ ಕಡೆ ನೋಡಿ, ಶೋಭಿತಾಳ ಕಡೆ ನೋಡಿ, ಬೇಡ ಎಂದು ಕೈ ಎತ್ತಿದರು. ಹೋದ ವರ್ಷ ಅವರೂ ಒಬ್ಬಳೇ ಮಗಳನ್ನು ಮದುವೆ ಮಾಡಿಕೊಟ್ಟು, ಮರುವಾರವೇ ಬಿಡದಿಗೆ ವಾಪಸು ಬಂದಿದ್ದರಂತೆ. ಅವರು ಮರಿಯಯ್ಯನವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವರ ಗಾಯವಿಲ್ಲದ ಕೈ ಹಿಡಿದುಕೊಂಡರು. ಕೂತ ಸ್ವಲ್ಪ ಹೊತ್ತಿಗೆ ಅವರ ದುಂಡು ಮುಖದ ಮೇಲೂ ನೀರು ಇಳಿಯಿತು. ಇಬ್ಬರೂ ಯಾವ ಭಾಷೆಯನ್ನೂ ಆಡದೆ ಮನಸಾರೆ ಅತ್ತರು.

ಒಳಗಿನಿಂದ ಮುದ್ದೆಯ ಪಾತ್ರೆ, ಸಾರಿನ ತಪ್ಪಲೆ ಹೊರಕ್ಕೆ ಬಂದವು. ದೊಡ್ಡಸಿದ್ದಯ್ಯ ಬಾಳೆಲೆಯ ಕಟ್ಟು ಹಿಡಿದುಕೊಂಡು ಬಂದು ಅವರ ತಲೆಯ ಮೇಲೆ ನಿಂತ.

“ಅಳೋರಿಬ್ರೂ ವಸಿ ಆ ಕಡೀಕ್ ಓಗಿ,” ಅಂದ. “ಇಲ್ಲಿ ಎಲೆ ಹಾಕ್ಬೇಕು.”